ಕರೆಂಟ್ ಹೋಗುವ ಊರಿನಲ್ಲಿ ಹಾರ್ಡ್ ಡಿಸ್ಕ್ ಕಾಪಾಡಿಕೊಳ್ಳುವುದು: ಸಮಗ್ರ ಮಾರ್ಗದರ್ಶಿ

ಮಲೆನಾಡಿನ ಒಂದು ಪಟ್ಟಣದ ಮುದ್ರಣಾಲಯದಲ್ಲಿ ಕಂಪ್ಯೂಟರುಗಳ ಉಸ್ತುವಾರಿಯನ್ನು ನಾನು ಕೆಲವು ವರ್ಷ ನೋಡಿಕೊಂಡಿದ್ದೆ. ಜುಲೈ ತಿಂಗಳ ಒಂದು ಸಂಜೆ, ಹೊರಗೆ ಜಡಿಮಳೆ ಹಿಡಿದಿದ್ದಾಗ, ಶಾಲೆಯೊಂದರ ಶತಮಾನೋತ್ಸವದ ಸ್ಮರಣ ಸಂಚಿಕೆಯನ್ನು ನಾಲ್ಕು ದಿನಗಳಿಂದ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದ ಹುಡುಗಿ ಫೈಲನ್ನು ಸೇವ್ ಮಾಡಿದಳು. ಕೀಲಿಮಣೆಯಿಂದ ಕೈ ತೆಗೆಯುವಷ್ಟರಲ್ಲಿ ಕರೆಂಟ್ ಹೋಯಿತು. ಒಂದು ಗಂಟೆಯ ಬಳಿಕ ಯಂತ್ರವನ್ನು ಮತ್ತೆ ಶುರು ಮಾಡಿದಾಗ ಫೈಲ್ ಇದ್ದಲ್ಲೇ ಇತ್ತು, ಹೆಸರೂ ಸರಿಯಾಗಿತ್ತು, ಗಾತ್ರವೂ ಒಂದು ಎಂಬಿಗಿಂತ ಸ್ವಲ್ಪ ಹೆಚ್ಚೆಂದೇ ತೋರಿಸುತ್ತಿತ್ತು. ತೆರೆದರೆ ಒಳಗೆ ಒಂದಕ್ಷರವೂ ಇರಲಿಲ್ಲ. "ಸರ್, ನಾನು ಸೇವ್ ಮಾಡಿದ್ದೆ" ಎಂದು ಅವಳು ಅಳುವ ದನಿಯಲ್ಲಿ ಹೇಳಿದಳು, ಅವಳು ಹೇಳಿದ್ದು ನಿಜವೇ ಆಗಿತ್ತು. ಬೈಟುಗಳನ್ನು ನೇರವಾಗಿ ತೋರಿಸುವ ತಂತ್ರಾಂಶದಲ್ಲಿ ಆ ಫೈಲನ್ನು ತೆರೆದು ನೋಡಿದೆ: ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಸೊನ್ನೆಗಳೇ ಸಾಲುಗಟ್ಟಿ ನಿಂತಿದ್ದವು. ಹಾರ್ಡ್ ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಅದು ಆಮೇಲೂ ಮೂರು ವರ್ಷ ದುಡಿಯಿತು.

ಕರೆಂಟ್ ಹೋದಾಗ ಡಿಸ್ಕ್ ಸುಟ್ಟುಹೋದೀತೆಂದು ಹೆಚ್ಚಿನವರು ಹೆದರುತ್ತಾರೆ. ಡಿಸ್ಕ್ ಕೆಡುವುದೂ ಉಂಟು, ಆದರೆ ಅದಕ್ಕಿಂತ ಎಷ್ಟೋ ಹೆಚ್ಚಾಗಿ ಕೆಡುವುದು ಡಿಸ್ಕಿನತ್ತ ಹೊರಟು ಇನ್ನೂ ದಾರಿಯಲ್ಲಿದ್ದ ಮಾಹಿತಿ. ಈ ಎರಡು ಹಾನಿಗಳ ಕಾರಣಗಳು ಬೇರೆ, ತಡೆಯುವ ವಿಧಾನಗಳು ಬೇರೆ, ಆದ ಮೇಲೆ ಮಾಡಬೇಕಾದ ಉಪಚಾರವೂ ಬೇರೆ. ಇವನ್ನು ಬೇರ್ಪಡಿಸಿ ತಿಳಿದುಕೊಳ್ಳದೆ ಸಿಕ್ಕಿದ ಉಪಾಯಗಳನ್ನೆಲ್ಲ ಮಾಡಹೊರಟರೆ, ಉಳಿಸಬಹುದಾಗಿದ್ದನ್ನೂ ಕಳೆದುಕೊಳ್ಳುತ್ತೇವೆ. ಆದ್ದರಿಂದ ಹಂತಗಳಿಗೆ ಹೋಗುವ ಮುನ್ನ ಒಳಗೆ ನಡೆಯುವುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ತಿರುಗುವ ತಟ್ಟೆಗೆ ಕರೆಂಟ್ ನಿಂತ ಕ್ಷಣ

ಮೇಜಿನ ಕಂಪ್ಯೂಟರಿನಲ್ಲಿರುವ ಸಾಮಾನ್ಯ ಹಾರ್ಡ್ ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತವೆ. ಅಂಗೈಯಗಲದ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಈ ವೇಗ ಸಾಮಾನ್ಯವಾಗಿ 5400. ಬರೆಯುವ ಮತ್ತು ಓದುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ತಟ್ಟೆಯ ವೇಗದಿಂದ ಹುಟ್ಟುವ ಗಾಳಿಯ ತೆಳುಪದರದ ಮೇಲೆ ಅದು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ, ನಮ್ಮ ತಲೆಗೂದಲಿನ ದಪ್ಪ ಅದರ ಸಾವಿರಾರು ಪಟ್ಟು. ತಟ್ಟೆ ನಿಧಾನವಾದರೆ ಆ ಗಾಳಿಯ ಪದರ ಉಳಿಯುವುದಿಲ್ಲ. ಆದ್ದರಿಂದ ತಟ್ಟೆ ನಿಲ್ಲುವ ಮೊದಲೇ ಹೆಡ್ ಸುರಕ್ಷಿತ ಜಾಗಕ್ಕೆ ಸರಿದಿರಬೇಕು.

ಕರೆಂಟೇ ಇಲ್ಲದಿರುವಾಗ ಹೆಡ್ಡನ್ನು ಸರಿಸುವ ಶಕ್ತಿ ಎಲ್ಲಿಂದ ಬರಬೇಕು? ಸೈಕಲ್ಲಿನ ಡೈನಮೋವನ್ನು ನೆನಪಿಸಿಕೊಂಡರೆ ಉತ್ತರ ಸಿಗುತ್ತದೆ. ಕರೆಂಟ್ ನಿಂತರೂ ತಟ್ಟೆಗಳು ತಮ್ಮ ಓಟದ ರಭಸದಲ್ಲಿ ಇನ್ನೂ ತಿರುಗುತ್ತಿರುತ್ತವೆ; ಆಗ ಅವುಗಳನ್ನು ತಿರುಗಿಸುತ್ತಿದ್ದ ಮೋಟಾರೇ ಜನರೇಟರ್ ಆಗಿ, ತಾನು ಉತ್ಪಾದಿಸಿದ ಅಷ್ಟಿಷ್ಟು ವಿದ್ಯುತ್ತಿನಿಂದ ಹೆಡ್ಡನ್ನು ಹಿಂದಕ್ಕೆಳೆದು ತಟ್ಟೆಯ ಅಂಚಿನಲ್ಲಿರುವ ಇಳಿಜಾರಿನ ಮೇಲೆ ನಿಲ್ಲಿಸುತ್ತದೆ. 1980ರ ದಶಕದ ಅನೇಕ ಡಿಸ್ಕ್‌ಗಳಲ್ಲಿ ಈ ಅನುಕೂಲವಿರಲಿಲ್ಲ. ಕಂಪ್ಯೂಟರನ್ನು ಜಾಗ ಬದಲಿಸುವ ಮುನ್ನ ಹೆಡ್ಡನ್ನು ಪಾರ್ಕ್ ಮಾಡಲು ಪ್ರತ್ಯೇಕ ಆಜ್ಞೆ ಕೊಡಬೇಕಾಗಿತ್ತು. ಇಂದಿನ ಡಿಸ್ಕ್ ಆ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಹಾಗಾಗಿ ಒಂದು ಸಲ ಕರೆಂಟ್ ಹೋದ ಮಾತ್ರಕ್ಕೆ ಹೆಡ್ ತಟ್ಟೆಗೆ ಬಡಿದು ಎಲ್ಲವೂ ಹಾಳಾಗುತ್ತದೆಂಬ ಭಯಕ್ಕೆ ಈಗ ಹೆಚ್ಚು ಆಧಾರವಿಲ್ಲ.

ಆದರೆ ಇದು ತುರ್ತು ವ್ಯವಸ್ಥೆ, ದಿನನಿತ್ಯದ ದಾರಿಯಲ್ಲ. ಕ್ರಮವಾಗಿ ಶಟ್‌ಡೌನ್ ಮಾಡಿದಾಗ ಹೆಡ್ ನಿಯಂತ್ರಿತ ವೇಗದಲ್ಲಿ ನಿಧಾನವಾಗಿ ಇಳಿಜಾರನ್ನೇರುತ್ತದೆ; ತಯಾರಕರು ಇಂಥ ನಿಲುಗಡೆಗೆ 3 ಲಕ್ಷ, 6 ಲಕ್ಷ ಸಲದಷ್ಟು ಬಾಳಿಕೆಯನ್ನು ನಮೂದಿಸುತ್ತಾರೆ. ತುರ್ತಿನಲ್ಲಿ ಎಳೆದಾಗ ಹೆಡ್ ರಭಸದಿಂದ ಹೋಗಿ ಕೂರುವುದರಿಂದ ಸವೆತ ಹೆಚ್ಚು, ಅದಕ್ಕೆ ನಮೂದಿಸುವ ಮಿತಿ ಇದರ ಸಣ್ಣದೊಂದು ಪಾಲು ಮಾತ್ರ. ದಿನಕ್ಕೆ ಏಳೆಂಟು ಸಲ ಕರೆಂಟ್ ಹೋಗುವ ಊರಿನಲ್ಲಿ ವರ್ಷಾನುಗಟ್ಟಲೆ ಹಾಗೆಯೇ ಬಿಟ್ಟ ಡಿಸ್ಕ್ ಬೇಗ ಮುದಿಯಾಗುವುದಕ್ಕೆ ಇದೊಂದು ಕಾರಣ.

"ಸೇವ್ ಆಯಿತು" ಎಂದಾಗ ಮಾಹಿತಿ ಎಲ್ಲಿರುತ್ತದೆ

ಸೇವ್ ಒತ್ತಿದ ಕೂಡಲೇ ಅಕ್ಷರಗಳು ತಟ್ಟೆಯ ಮೇಲೆ ಬರೆಯಲ್ಪಡುತ್ತವೆ ಎಂದು ನಾವು ತಿಳಿದಿರುತ್ತೇವೆ. ನಿಜವಾಗಿ ನಾವು ಬಳಸುವ ತಂತ್ರಾಂಶವು ಮಾಹಿತಿಯನ್ನು ಕಾರ್ಯಾಚರಣ ವ್ಯವಸ್ಥೆಗೆ, ಅಂದರೆ ವಿಂಡೋಸಿಗೋ ಲಿನಕ್ಸಿಗೋ ಒಪ್ಪಿಸಿ ತನ್ನ ಕೆಲಸ ಮುಗಿಯಿತೆನ್ನುತ್ತದೆ. ಕಾರ್ಯಾಚರಣ ವ್ಯವಸ್ಥೆ ಅದನ್ನು ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ ಇಟ್ಟುಕೊಂಡು, ಬಿಡುವು ನೋಡಿ ಡಿಸ್ಕಿಗೆ ಕಳುಹಿಸುತ್ತದೆ. ಲಿನಕ್ಸ್‌ನ ಪೂರ್ವನಿಗದಿತ ಏರ್ಪಾಡಿನಲ್ಲಿ ಹೀಗೆ ಕಾದಿರುವ ಮಾಹಿತಿ 30 ಸೆಕೆಂಡುಗಳವರೆಗೂ ರ‍್ಯಾಮ್‌ನಲ್ಲೇ ಇರಬಹುದು. ಡಿಸ್ಕಿಗೆ ತಲುಪಿದ ಮೇಲೂ ಅದು ನೇರವಾಗಿ ತಟ್ಟೆಗೆ ಹೋಗುವುದಿಲ್ಲ, ಡಿಸ್ಕಿನ ಸ್ವಂತ ತಾತ್ಕಾಲಿಕ ನೆನಪಾದ ಕ್ಯಾಶ್‌ನಲ್ಲಿ ಸರದಿ ಕಾಯುತ್ತದೆ. 64 ಎಂಬಿ, 256 ಎಂಬಿ ಎಂದು ಡಿಸ್ಕಿನ ವಿವರಪಟ್ಟಿಯಲ್ಲಿ ಕಾಣುವುದು ಇದೇ ಕ್ಯಾಶ್. ರ‍್ಯಾಮ್ ಆಗಲಿ ಈ ಕ್ಯಾಶ್ ಆಗಲಿ ಕರೆಂಟ್ ಇರುವವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತವೆ. ಮುದ್ರಣಾಲಯದ ಆ ಫೈಲಿನ ಹೆಸರು ಮತ್ತು ಗಾತ್ರ ತಟ್ಟೆಯನ್ನು ತಲುಪಿದ್ದವು, ಒಡಲು ಮಾತ್ರ ದಾರಿಯಲ್ಲೇ ಉಳಿದಿತ್ತು.

ಹೆಸರು ಉಳಿದು ಒಡಲು ಹೋದದ್ದೇಕೆ ಎಂಬುದಕ್ಕೂ ಕಾರಣವಿದೆ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ (ಡಿಸ್ಕಿನಲ್ಲಿ ಯಾವ ಫೈಲು ಎಲ್ಲಿದೆ ಎಂಬ ಲೆಕ್ಕ ಇಡುವ ಏರ್ಪಾಡು) ತಾನು ಮಾಡಲಿರುವ ಬದಲಾವಣೆಗಳನ್ನು ಮೊದಲು ದಿನಚರಿಯೊಂದರಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೆ, ಮುಂದಿನ ಸಲ ಶುರುವಾದಾಗ ಆ ದಿನಚರಿಯನ್ನು ನೋಡಿ ಅರ್ಧಕ್ಕೆ ನಿಂತ ಕೆಲಸವನ್ನು ಪೂರ್ಣಗೊಳಿಸುತ್ತದೆ ಅಥವಾ ರದ್ದುಮಾಡುತ್ತದೆ. ಆದರೆ ಆ ದಿನಚರಿಯಲ್ಲಿರುವುದು ಹೆಸರು, ಗಾತ್ರ, ಜಾಗ ಇಂಥ ವಿವರಗಳು ಮಾತ್ರ. ಫೈಲಿನ ಒಳಗಿನ ಬರಹ ಅದರಲ್ಲಿರುವುದಿಲ್ಲ. ಅಂದರೆ ದಿನಚರಿಯು ಕಪಾಟನ್ನು ಕಾಪಾಡುತ್ತದೆಯೇ ಹೊರತು ಕಪಾಟಿನೊಳಗಿನ ಪುಸ್ತಕದ ಪುಟಗಳನ್ನಲ್ಲ. ಲಿನಕ್ಸ್‌ನ ಎಕ್ಸ್ಟ್4, ಆ್ಯಪಲ್ ಯಂತ್ರಗಳ ವ್ಯವಸ್ಥೆಗಳು ತಮ್ಮದೇ ರೀತಿಯಲ್ಲಿ ಇಂಥ ರಕ್ಷಣೆ ಒದಗಿಸುತ್ತವೆ. ಪೆನ್‌ಡ್ರೈವ್ ಮತ್ತು ಪೋರ್ಟಬಲ್ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಫ್ಯಾಟ್32 ಹಾಗೂ ಎಕ್ಸ್‌ಫ್ಯಾಟ್‌ಗಳಲ್ಲಿ ದಿನಚರಿಯೇ ಇಲ್ಲ. ಅಲ್ಲಿ ಬರೆಯುವ ನಡುವೆ ಕರೆಂಟ್ ಹೋದರೆ ಇಡೀ ಫೋಲ್ಡರಿನ ಪಟ್ಟಿಯೇ ಅಸ್ತವ್ಯಸ್ತವಾಗಬಹುದು.

ಮೊದಲ ಹಂತ: ಡಿಸ್ಕ್ ಇರುವ ಉಪಕರಣಗಳನ್ನು ಗುರುತಿಸುವುದು

ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಹಾರ್ಡ್ ಡಿಸ್ಕ್ ಎಲ್ಲೆಲ್ಲಿದೆ ಎಂದು ಒಮ್ಮೆ ಸುತ್ತಿ ನೋಡಿ. ಜನ ಸಿಪಿಯು ಎಂದು ಕರೆಯುವ ಕಂಪ್ಯೂಟರ್ ಪೆಟ್ಟಿಗೆ ತಟ್ಟನೆ ನೆನಪಾಗುತ್ತದೆ. ಸಿಸಿಟಿವಿಯ ಡಿವಿಆರ್ ಪೆಟ್ಟಿಗೆ ಮರೆತುಹೋಗುತ್ತದೆ, ಏಕೆಂದರೆ ಅದನ್ನು ಬಾಗಿಲಿನ ಮೇಲೋ ಅಟ್ಟದಲ್ಲೋ ಇಟ್ಟು ವರ್ಷಗಳೇ ಆಗಿರುತ್ತವೆ. ಕಾರ್ಯಕ್ರಮ ರೆಕಾರ್ಡ್ ಮಾಡಿಕೊಳ್ಳುವ ಕೆಲವು ಸೆಟ್‌ಟಾಪ್ ಬಾಕ್ಸ್‌ಗಳು, ಟಿವಿಗೆ ಚುಚ್ಚಿಟ್ಟ ಪೋರ್ಟಬಲ್ ಡಿಸ್ಕ್, ಮನೆಮಂದಿಯ ಫೋಟೋಗಳನ್ನು ಒಂದೆಡೆ ಇಡುವ ನ್ಯಾಸ್ ಪೆಟ್ಟಿಗೆ, ಹಳೆಯ ಲ್ಯಾಪ್‌ಟಾಪ್‌ಗಳು ಇದೇ ಸಾಲಿಗೆ ಸೇರುತ್ತವೆ. ಬ್ಯಾಟರಿ ಸರಿಯಾಗಿರುವ ಲ್ಯಾಪ್‌ಟಾಪ್‌ಗೆ ಯುಪಿಎಸ್ ಒಳಗೇ ಇದೆ ಎನ್ನಬಹುದು. ಬ್ಯಾಟರಿ ಸತ್ತು ಚಾರ್ಜರ್ ಬಲದಿಂದಲೇ ನಡೆಯುತ್ತಿರುವ ಲ್ಯಾಪ್‌ಟಾಪನ್ನು ಮೇಜಿನ ಕಂಪ್ಯೂಟರೆಂದೇ ಎಣಿಸಬೇಕು. ಈ ಪಟ್ಟಿಯಲ್ಲಿ ಯಾವುದರ ಮಾಹಿತಿ ಕಳೆದುಹೋದರೆ ಮತ್ತೆ ಸಿಗುವುದಿಲ್ಲವೋ ಅದಕ್ಕೆ ಮೊದಲ ರಕ್ಷಣೆ.

ಎರಡನೆಯ ಹಂತ: ನಿಲ್ಲಿಸುವ ಕ್ರಮ

ಶಟ್‌ಡೌನ್ ಎಂದರೆ ಪರದೆ ಕಪ್ಪಾಗುವುದಲ್ಲ. ಆ ಆಜ್ಞೆ ಕೊಟ್ಟಾಗ ಕಾರ್ಯಾಚರಣ ವ್ಯವಸ್ಥೆ ರ‍್ಯಾಮ್‌ನಲ್ಲಿ ಉಳಿದಿದ್ದುದೆಲ್ಲವನ್ನೂ ಡಿಸ್ಕಿಗೆ ಕಳುಹಿಸಿ, ಕ್ಯಾಶ್ ಖಾಲಿ ಮಾಡುವಂತೆ ಡಿಸ್ಕಿಗೆ ಸೂಚಿಸಿ, ಫೈಲ್ ವ್ಯವಸ್ಥೆಯನ್ನು ಮುಚ್ಚಿ, ಆಮೇಲೆ ಹೆಡ್ಡನ್ನು ಪಾರ್ಕ್ ಮಾಡಿಸುತ್ತದೆ. ಪರದೆ ಕಪ್ಪಾದ ಮೇಲೂ ಇದು ನಡೆಯುತ್ತಿರಬಹುದು. ಪೆಟ್ಟಿಗೆಯ ಮುಂಭಾಗದ ಪವರ್ ದೀಪ ಆರಿದ ಬಳಿಕ ಮಾತ್ರ ಗೋಡೆಯ ಸ್ವಿಚ್ ಆರಿಸಿ. ಡಿಸ್ಕನ್ನು ಬಿಚ್ಚುವುದಿದ್ದರೆ ಅಥವಾ ಪೆಟ್ಟಿಗೆಯನ್ನು ಎತ್ತಿ ಬೇರೆಡೆ ಇಡುವುದಿದ್ದರೆ ಇನ್ನೂ ಅರ್ಧ ನಿಮಿಷ ಕಾಯಿರಿ. ತಟ್ಟೆಗಳು ಪೂರ್ತಿ ನಿಲ್ಲಲು ಅಷ್ಟು ಹೊತ್ತು ಕೊಡಬೇಕು. ಪೋರ್ಟಬಲ್ ಡಿಸ್ಕನ್ನು ಅಂಗೈಯಲ್ಲಿ ಹಿಡಿದರೆ ಇದು ಕೈಗೇ ತಿಳಿಯುತ್ತದೆ: ಮೊದಲು ಒಂದು ಸಣ್ಣ ಟಕ್, ಅದು ಹೆಡ್ ಹೋಗಿ ಕೂತ ಸದ್ದು, ಅನಂತರ ಸಣ್ಣಗೆ ಗುಂಯ್ಗುಡುತ್ತಿದ್ದ ಕಂಪನ ತೆಳುವಾಗುತ್ತ ಹೋಗಿ ಕೊನೆಗೆ ಇಲ್ಲವಾಗುತ್ತದೆ.

ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ. ಅದು ಚಾಲ್ತಿಯಲ್ಲಿದ್ದಾಗ ಶಟ್‌ಡೌನ್ ಮಾಡಿದರೂ ವ್ಯವಸ್ಥೆಯ ಒಂದು ಭಾಗ ಪೂರ್ತಿ ಮುಚ್ಚಿಕೊಳ್ಳದೆ ಡಿಸ್ಕಿನಲ್ಲಿ ಹಾಗೆಯೇ ಉಳಿಯುತ್ತದೆ. ಅದೇ ಯಂತ್ರವನ್ನು ಮತ್ತೆ ಶುರು ಮಾಡುವುದಾದರೆ ತೊಂದರೆಯಿಲ್ಲ. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕುವುದಾದರೆ ಶಿಫ್ಟ್ ಕೀಲಿ ಒತ್ತಿಹಿಡಿದುಕೊಂಡು ಶಟ್‌ಡೌನ್ ಆಯ್ಕೆ ಮಾಡಿ, ಆಗ ಪೂರ್ಣವಾಗಿ ಮುಚ್ಚುತ್ತದೆ. ಸ್ಲೀಪ್ ಸ್ಥಿತಿಯ ಬಗೆಗೂ ಎಚ್ಚರವಿರಲಿ: ಅಲ್ಲಿ ತೆರೆದಿದ್ದ ಕೆಲಸವೆಲ್ಲ ರ‍್ಯಾಮ್‌ನಲ್ಲೇ ಇರುವುದರಿಂದ, ಕರೆಂಟ್ ಹೋದರೆ ಸೇವ್ ಆಗದಿದ್ದುದೆಲ್ಲ ಹೋದಂತೆಯೇ. ಬ್ಯಾಟರಿಯಿಲ್ಲದ ಮೇಜಿನ ಕಂಪ್ಯೂಟರನ್ನು ಊಟಕ್ಕೆ ಹೋಗುವಾಗ ಸ್ಲೀಪ್‌ಗೆ ಹಾಕಬೇಡಿ. ಹೈಬರ್ನೇಟ್ (ತೆರೆದ ಕೆಲಸವನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಆರುವ ಸ್ಥಿತಿ) ಮಾಡಿ ಅಥವಾ ಆರಿಸಿ.

ಯಂತ್ರ ಹ್ಯಾಂಗ್ ಆದಾಗ ತಾಳ್ಮೆಯೇ ದೊಡ್ಡ ಸಾಧನ. ಪೆಟ್ಟಿಗೆಯ ಡಿಸ್ಕ್ ದೀಪ ಮಿನುಗುತ್ತಿದ್ದರೆ ಡಿಸ್ಕ್ ಇನ್ನೂ ಕೆಲಸದಲ್ಲಿದೆ ಎಂದರ್ಥ, ಹತ್ತು ನಿಮಿಷವಾದರೂ ಬಿಡಿ. ಅನಂತರ ಕಂಟ್ರೋಲ್, ಆಲ್ಟ್, ಡಿಲೀಟ್ ಕೀಲಿಗಳಿಂದ ಪ್ರಯತ್ನಿಸಿ. ಅದಕ್ಕೂ ಬಗ್ಗದಿದ್ದರೆ ಪವರ್ ಗುಂಡಿಯನ್ನು ಒಮ್ಮೆ ಮೆಲ್ಲಗೆ ಒತ್ತಿ ಬಿಡಿ, ಎಷ್ಟೋ ಸಲ ಯಂತ್ರ ಅಷ್ಟರಲ್ಲೇ ಕ್ರಮವಾಗಿ ಮುಚ್ಚಿಕೊಳ್ಳುತ್ತದೆ. ಲಿನಕ್ಸ್ ಬಳಸುವವರಿಗೆ ಇನ್ನೊಂದು ದಾರಿಯಿದೆ: ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಹಿಡಿದುಕೊಂಡು ಎಸ್, ಯು, ಬಿ ಕೀಲಿಗಳನ್ನು ನಡುನಡುವೆ ಕೆಲವು ಸೆಕೆಂಡು ಬಿಟ್ಟು ಒತ್ತಿದರೆ, ಬಾಕಿಯಿದ್ದ ಮಾಹಿತಿ ಡಿಸ್ಕಿಗಿಳಿದು, ಡಿಸ್ಕ್ ಬರೆಯಲಾಗದ ಸ್ಥಿತಿಗೆ ಬಂದು, ಬಳಿಕ ಯಂತ್ರ ಮರುಪ್ರಾರಂಭವಾಗುತ್ತದೆ. ಪವರ್ ಗುಂಡಿಯನ್ನು ನಾಲ್ಕೈದು ಸೆಕೆಂಡು ಒತ್ತಿಹಿಡಿಯುವುದು ಕೊನೆಯ ಉಪಾಯ. ಡಿಸ್ಕಿನ ಪಾಲಿಗೆ ಅದು ಕರೆಂಟ್ ಹೋದಂತೆಯೇ, ಆದರೆ ಡಿಸ್ಕ್ ದೀಪ ಆರಿ ಒಂದೆರಡು ನಿಮಿಷವಾದ ಮೇಲೆ ಮಾಡಿದರೆ ದಾರಿಯಲ್ಲಿ ಉಳಿದ ಮಾಹಿತಿ ಕಡಿಮೆಯಿರುತ್ತದೆ.

ಮೂರನೆಯ ಹಂತ: ಯುಪಿಎಸ್

ಕಂಪ್ಯೂಟರಿನ ಪವರ್ ಸಪ್ಲೈ, ಕರೆಂಟ್ ಹೋದ ಮೇಲೂ ತನ್ನೊಳಗೆ ಸಂಗ್ರಹವಾದ ಶಕ್ತಿಯಿಂದ ಸುಮಾರು 16, 17 ಮಿಲಿಸೆಕೆಂಡು ಯಂತ್ರವನ್ನು ನಡೆಸಬೇಕೆಂಬುದು ವಿನ್ಯಾಸದ ನಿಯಮ. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕೆ ಹಿಡಿಯುವ ಕಾಲ 20 ಮಿಲಿಸೆಕೆಂಡು. ಅಂದರೆ ಒಂದೇ ಒಂದು ಆವರ್ತ ತಪ್ಪಿದರೂ, ಬಲ್ಬು ಒಮ್ಮೆ ಕಣ್ಣು ಮಿಟುಕಿಸಿದಷ್ಟಾದರೂ, ಕಂಪ್ಯೂಟರ್ ಆರಿಹೋಗಬಹುದು. ಮನೆಗೆ ಇನ್ವರ್ಟರ್ ಇದೆ, ಇನ್ನೇನು ಬೇಕು ಎನ್ನುವವರು ಇದನ್ನು ಗಮನಿಸಬೇಕು. ಬಹಳಷ್ಟು ಇನ್ವರ್ಟರ್‌ಗಳ ಹಿಂಭಾಗದಲ್ಲಿ ಯುಪಿಎಸ್ ಸ್ಥಿತಿ, ಸಾಮಾನ್ಯ ಸ್ಥಿತಿ ಎಂದು ಎರಡು ಆಯ್ಕೆಗಳ ಸ್ವಿಚ್ ಇರುತ್ತದೆ; ಸಾಮಾನ್ಯ ಸ್ಥಿತಿಯಲ್ಲಿ ಬ್ಯಾಟರಿಗೆ ಹೊರಳುವುದು ನಿಧಾನ, ಫ್ಯಾನು ದೀಪಗಳಿಗೆ ಅದು ಸಾಕು, ಕಂಪ್ಯೂಟರಿಗೆ ಸಾಲದು. ಆ ಸ್ವಿಚ್ ಯುಪಿಎಸ್ ಕಡೆಗಿದೆಯೇ ನೋಡಿ.

ಮೇಜಿನ ಕಂಪ್ಯೂಟರಿಗೆ ಸಾಮಾನ್ಯವಾಗಿ ಕೊಳ್ಳುವ 600 ವಿಎ ಯುಪಿಎಸ್‌ನಲ್ಲಿ 12 ವೋಲ್ಟ್, 7 ಆಂಪಿಯರ್ ಅವರ್‌ನ ಒಂದು ಬ್ಯಾಟರಿ ಇರುತ್ತದೆ. ಗುಣಿಸಿದರೆ 84 ವಾಟ್ ಅವರ್. ಆದರೆ ಇಂಥ ಬ್ಯಾಟರಿಯಿಂದ ರಭಸವಾಗಿ ಶಕ್ತಿ ಎಳೆದಾಗ ಅದರ ಅರ್ಧದಷ್ಟು ಸಿಕ್ಕರೆ ದೊಡ್ಡದು. 150 ವಾಟ್ ಎಳೆಯುವ ಕಂಪ್ಯೂಟರ್ ಮತ್ತು ಮಾನಿಟರಿಗೆ ಹೊಸದರಲ್ಲಿ ಹತ್ತು ಹದಿನೈದು ನಿಮಿಷ, ಎರಡು ವರ್ಷ ಕಳೆದ ಮೇಲೆ ಅದರ ಕಾಲು ಭಾಗ. ಹಾಗಾಗಿ ಯುಪಿಎಸ್ ಇರುವುದು ಕೆಲಸ ಮುಂದುವರಿಸುವುದಕ್ಕಲ್ಲ, ಕ್ರಮವಾಗಿ ಮುಚ್ಚುವುದಕ್ಕೆ. ಕರೆಂಟ್ ಈಗ ಬರುತ್ತದೆ ಎಂದು ಬೀಪ್ ಸದ್ದಿನ ನಡುವೆಯೇ ಟೈಪ್ ಮಾಡುತ್ತ ಕೂತವರ ಯಂತ್ರಗಳು ಕೈಕೊಟ್ಟದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಎರಡು ನಿಮಿಷದೊಳಗೆ ಕರೆಂಟ್ ಬಾರದಿದ್ದರೆ ಶಟ್‌ಡೌನ್ ಮಾಡುವುದು ಎಂಬ ನಿಯಮವನ್ನು ಇಟ್ಟುಕೊಳ್ಳಿ.

ಕೊಳ್ಳುವಾಗ ಯುಎಸ್‌ಬಿ ಕಿಂಡಿಯಿರುವ ಯುಪಿಎಸ್ ಕೇಳಿ. ಬೆಲೆ ಹೆಚ್ಚಾದರೂ ಅದು ಸಾರ್ಥಕ. ಆ ಕಿಂಡಿಯಿಂದ ಕಂಪ್ಯೂಟರಿಗೆ ತಂತಿ ಜೋಡಿಸಿದರೆ, ಬಹಳಷ್ಟು ಮಾದರಿಗಳನ್ನು ವಿಂಡೋಸ್ ಲ್ಯಾಪ್‌ಟಾಪ್ ಬ್ಯಾಟರಿಯಂತೆಯೇ ಗುರುತಿಸುತ್ತದೆ. ಪವರ್ ಆಪ್ಷನ್ಸ್‌ನೊಳಗೆ ಬ್ಯಾಟರಿಯ ವಿಭಾಗಕ್ಕೆ ಹೋಗಿ, ಬ್ಯಾಟರಿ 40 ಪ್ರತಿಶತಕ್ಕೆ ಇಳಿದಾಗ ಶಟ್‌ಡೌನ್ ಅಥವಾ ಹೈಬರ್ನೇಟ್ ಆಗುವಂತೆ ಹೊಂದಿಸಿ. 5 ಪ್ರತಿಶತದಲ್ಲಿ ಆರಿಸುವ ಲೆಕ್ಕ ಲ್ಯಾಪ್‌ಟಾಪ್‌ಗೆ ಸರಿಹೋದರೂ, ಹಳೆಯ ಸೀಸದ ಬ್ಯಾಟರಿ 30ರಿಂದ ಸೊನ್ನೆಗೆ ಒಮ್ಮೆಲೇ ಕುಸಿಯುವುದುಂಟು. ರಾತ್ರಿ ಯಾರೂ ಇಲ್ಲದಾಗ ಯಂತ್ರ ತಾನೇ ಮುಚ್ಚಿಕೊಳ್ಳುವುದು ಈ ತಂತಿಯಿಂದ ಮಾತ್ರ ಸಾಧ್ಯ.

ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಜೋಡಿಸಬೇಡಿ. ಶಾಯಿಪುಡಿಯನ್ನು ಕಾಗದಕ್ಕೆ ಅಂಟಿಸುವ ಅದರ ಬಿಸಿ ಉರುಳೆ ಒಮ್ಮೆಲೇ ಅಪಾರ ವಿದ್ಯುತ್ ಎಳೆಯುವುದರಿಂದ ಸಣ್ಣ ಯುಪಿಎಸ್ ಓವರ್‌ಲೋಡ್ ಆಗಿ ಕಂಪ್ಯೂಟರನ್ನೂ ಆರಿಸಿಬಿಡುತ್ತದೆ. ಕಂಪ್ಯೂಟರ್, ಮಾನಿಟರ್, ಸ್ವಂತ ಅಡಾಪ್ಟರ್ ಇರುವ ಡಿಸ್ಕ್ ಇಷ್ಟೇ ಇರಲಿ.

ಇಲ್ಲೇ ಇನ್ನೊಂದು ಮಾತು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕಿನ ಪಾಲಿಸೀಸ್ ಪುಟ ತೆರೆದರೆ ಎರಡು ಚೌಕಗಳು ಕಾಣಬಹುದು. ಮೊದಲನೆಯದು ಡಿಸ್ಕಿನ ಕ್ಯಾಶನ್ನು ಬಳಸಿಕೊಳ್ಳುವುದು, ಅದಿರಲಿ. ಎರಡನೆಯದು ಕ್ಯಾಶನ್ನು ಆಗಾಗ ತಟ್ಟೆಗೆ ಇಳಿಸುವಂತೆ ಹೇಳುವುದನ್ನೇ ನಿಲ್ಲಿಸುವುದು. ವೇಗ ಹೆಚ್ಚುತ್ತದೆಂದು ಇದಕ್ಕೆ ಗುರುತು ಹಾಕುವಂತೆ ಸಲಹೆ ಕೊಡುವವರಿದ್ದಾರೆ. ಡಿಸ್ಕಿಗೆ ಪ್ರತ್ಯೇಕ ವಿದ್ಯುತ್ ಆಸರೆಯಿಲ್ಲದ ಯಂತ್ರದಲ್ಲಿ ಎಂದಿಗೂ ಹಾಗೆ ಮಾಡಬೇಡಿ, ಫೈಲ್ ವ್ಯವಸ್ಥೆಯ ದಿನಚರಿಯ ರಕ್ಷಣೆಯೇ ಅದರಿಂದ ಕುಸಿಯುತ್ತದೆ.

ನಾಲ್ಕನೆಯ ಹಂತ: ಕರೆಂಟ್ ವಾಪಸ್ ಬರುವ ಹೊತ್ತು

ಕರೆಂಟ್ ಹೋಗುವುದಕ್ಕಿಂತ ಬರುವ ರೀತಿಗೇ ನಾನು ಹೆಚ್ಚು ಹೆದರುತ್ತೇನೆ. ಮಳೆಗಾಲದಲ್ಲಿ ಮರದ ಕೊಂಬೆ ತಂತಿಗೆ ತಾಗಿ ಲೈನ್ ಟ್ರಿಪ್ ಆದಾಗ, ದೋಷ ಹೋಯಿತೇ ಎಂದು ತಿಳಿಯಲು ಲೈನನ್ನು ಮತ್ತೆ ಚಾರ್ಜ್ ಮಾಡಿ ನೋಡುತ್ತಾರೆ; ಆಗ ಕರೆಂಟ್ ಬಂದು ಹೋಗಿ, ಮತ್ತೆ ಬಂದು ಹೋಗಿ ಮಾಡುತ್ತದೆ. ಬಂದಾಗಲೂ ವೋಲ್ಟೇಜ್ ಮೊದಲ ಕೆಲವು ನಿಮಿಷ ಏರಿಳಿಯುತ್ತಿರುತ್ತದೆ. ಮೇಜಿನ ಕಂಪ್ಯೂಟರಿನ ಡಿಸ್ಕ್ ನಿಂತಲ್ಲಿಂದ ಪೂರ್ಣ ವೇಗಕ್ಕೆ ಬರುವಾಗ 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ, ತಿರುಗುತ್ತಿರುವಾಗ ಬೇಕಾಗುವುದು ಅದರ ಸಣ್ಣ ಪಾಲು. ಅಂದರೆ ಮೋಟಾರು ಅತಿ ಹೆಚ್ಚು ದುಡಿಯುತ್ತಿರುವ, ಫೈಲ್ ವ್ಯವಸ್ಥೆ ಹಿಂದಿನ ಪೆಟ್ಟಿನಿಂದ ಚೇತರಿಸಿಕೊಂಡು ದಿನಚರಿಯನ್ನು ಸರಿಪಡಿಸುತ್ತಿರುವ ಆ ಒಂದೆರಡು ನಿಮಿಷದಲ್ಲೇ ಎರಡನೆಯ ಪೆಟ್ಟು ಬೀಳುತ್ತದೆ.

ಆದ್ದರಿಂದ ಕರೆಂಟ್ ಹೋದ ಕೂಡಲೇ ಗೋಡೆಯ ಸ್ವಿಚ್ ಆರಿಸಿ. ಬಂದ ಮೇಲೆ ಹತ್ತು ನಿಮಿಷ ದೀಪಗಳು ಸ್ಥಿರವಾಗಿ ಉರಿಯುವುದನ್ನು ನೋಡಿ ಯಂತ್ರ ಶುರು ಮಾಡಿ. ವಿಂಡೋಸಿಗೂ ಮೊದಲೇ ಓಡುವ, ಯಂತ್ರದ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿ, ಕರೆಂಟ್ ಬಂದೊಡನೆ ತಾನಾಗಿ ಶುರುವಾಗುವ ಆಯ್ಕೆಯಿದ್ದರೆ ಅದನ್ನು ಆಫ್ ಮಾಡಿಡಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಸ್ವಿಚ್ ಆರಿಸಿದರೆ ಸಾಲದು. ಶಟ್‌ಡೌನ್ ಮಾಡಿ ಪ್ಲಗ್ಗನ್ನೇ ಕೀಳಬೇಕು, ಜೊತೆಗೆ ಇಂಟರ್ನೆಟ್ಟಿನ ತಾಮ್ರದ ತಂತಿಯನ್ನೂ ಬಿಡಿಸಬೇಕು. ಸಿಡಿಲಿನ ಆಘಾತ ಆ ದಾರಿಯಿಂದಲೂ ಒಳಗೆ ಬರುತ್ತದೆ. ಪತ್ರಿಕೆಯ "ಇಂದು ವಿದ್ಯುತ್ ವ್ಯತ್ಯಯ" ಎಂಬ ಪುಟ್ಟ ಸುದ್ದಿಯನ್ನು ಬೆಳಿಗ್ಗೆಯೇ ನೋಡಿಡುವುದು ಒಳ್ಳೆಯದು. ಹತ್ತು ಗಂಟೆಗೆ ಹೋಗುವುದು ಗೊತ್ತಿದ್ದರೆ ಒಂಬತ್ತೂ ಮುಕ್ಕಾಲಿಗೇ ಯಂತ್ರ ಮುಚ್ಚಬಹುದು.

ಐದನೆಯ ಹಂತ: ದಿಢೀರನೆ ಆರಿದ ಮೇಲೆ ಪರೀಕ್ಷೆ

ಮೊದಲು ಕಿವಿಗೊಡಿ. ಡಿಸ್ಕ್ ಒಂದೇ ಲಯದಲ್ಲಿ ಟಕ್, ಟಕ್, ಟಕ್ ಎಂದು ಬಡಿಯುತ್ತಿದ್ದರೆ, ಕೆರೆದಂಥ ಸದ್ದು ಬರುತ್ತಿದ್ದರೆ ಅಥವಾ ತಿರುಗಲು ಯತ್ನಿಸಿ ಮತ್ತೆಮತ್ತೆ ನಿಲ್ಲುತ್ತಿದ್ದರೆ ಆ ಕ್ಷಣವೇ ಆರಿಸಿ. ಅಂಥ ಡಿಸ್ಕಿನ ಮೇಲೆ ಯಾವ ಸರಿಪಡಿಸುವ ತಂತ್ರಾಂಶವನ್ನೂ ಓಡಿಸಬಾರದು, ಮುಚ್ಚಳ ಬಿಚ್ಚಬಾರದು, ಫ್ರಿಜ್ಜಿನಲ್ಲಿಟ್ಟು ತೆಗೆಯುವ ಹಳೆಯ ಕೇಳಿಕೆಯ ಉಪಾಯವನ್ನೂ ಮಾಡಬಾರದು. ಒಳಗಿನ ಮಾಹಿತಿ ಅಮೂಲ್ಯವಾಗಿದ್ದರೆ, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ತೆರೆಯುವ ಸೌಲಭ್ಯವಿರುವ ಪರಿಣತರಿಗೇ ಒಪ್ಪಿಸಿ.

ಸದ್ದು ಸಹಜವಾಗಿದ್ದು ಯಂತ್ರ ಶುರುವಾದರೆ, ಬೇರೆಲ್ಲಕ್ಕಿಂತ ಮೊದಲು ಅತಿ ಮುಖ್ಯವಾದ ಫೈಲುಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿ. ಅನಂತರವೇ ಫೈಲ್ ವ್ಯವಸ್ಥೆಯ ಪರೀಕ್ಷೆ: ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಟೂಲ್ಸ್, ಚೆಕ್ ಎಂದು ಹೋಗಬೇಕು. ಈ ಕ್ರಮವನ್ನು ತಿರುಗಮುರುಗ ಮಾಡಬೇಡಿ. ಸರಿಪಡಿಸುವ ತಂತ್ರಾಂಶದ ಗುರಿ ಫೈಲ್ ವ್ಯವಸ್ಥೆಯನ್ನು ಸುಸ್ಥಿತಿಗೆ ತರುವುದು. ಹೊಂದಿಕೆಯಾಗದ ನಿಮ್ಮ ಫೈಲಿನ ತುಣುಕುಗಳನ್ನು ಕತ್ತರಿಸಿ ಬೇರೆಡೆ ಹಾಕಲು ಅದು ಹಿಂಜರಿಯುವುದಿಲ್ಲ.

ಆಮೇಲೆ ಡಿಸ್ಕಿನ ಆರೋಗ್ಯದ ಲೆಕ್ಕ. ಪ್ರತಿ ಡಿಸ್ಕ್ ತನ್ನ ಬಗ್ಗೆ ಸ್ಮಾರ್ಟ್ ಎಂಬ ದಾಖಲೆಯನ್ನು ಇಟ್ಟುಕೊಳ್ಳುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ, ಲಿನಕ್ಸ್‌ನಲ್ಲಾದರೆ ಸ್ಮಾರ್ಟ್‌ಮಾನ್‌ಟೂಲ್ಸ್‌ನಲ್ಲಿ ಅದನ್ನು ನೋಡಬಹುದು. ನಮಗೆ ಬೇಕಾದ ಸಾಲುಗಳು ನಾಲ್ಕೇ. 192ನೆಯದು ತುರ್ತಿನಲ್ಲಿ ಹೆಡ್ ಹಿಂದಕ್ಕೆ ಸರಿದ ಸಲಗಳ ಎಣಿಕೆ. ಡಿಸ್ಕ್ ಎಷ್ಟು ಪೆಟ್ಟು ತಿಂದಿದೆಯೆಂಬುದರ ಅಂದಾಜು ಇದರಿಂದ ಸಿಗುತ್ತದೆ. 5ನೆಯದು, ಕೆಟ್ಟುಹೋಗಿ ಬದಲಿ ಜಾಗ ಪಡೆದ, ತಟ್ಟೆಯ ಸಣ್ಣ ಸಣ್ಣ ಭಾಗಗಳಾದ ಸೆಕ್ಟರ್‌ಗಳ ಸಂಖ್ಯೆ. 197ನೆಯದು, ಓದಲು ಬಾರದೆ ತೀರ್ಮಾನಕ್ಕಾಗಿ ಕಾದಿರುವ ಸೆಕ್ಟರ್‌ಗಳದ್ದು. 199 ಹೆಚ್ಚುತ್ತಿದ್ದರೆ ದೋಷ ಸಾಮಾನ್ಯವಾಗಿ ಡಿಸ್ಕಿನದಲ್ಲ, ತಂತಿಯದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಈ ಸಾಲುಗಳ ಸಂಖ್ಯೆಯನ್ನು ಹದಿನಾರರ ಪದ್ಧತಿಯಲ್ಲಿ ಬರೆಯುವುದರಿಂದ ಅಲ್ಲಿ 192 ಸಿ0 ಆಗಿಯೂ, 197 ಸಿ5 ಆಗಿಯೂ, 199 ಸಿ7 ಆಗಿಯೂ ಕಾಣುತ್ತವೆ.

ಈ 197ರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಕರೆಂಟ್ ಹೋದ ಮೇಲೆ ಜನ ಗಾಬರಿಯಾಗುವುದೂ, ಒಳ್ಳೆಯ ಡಿಸ್ಕನ್ನು ಎಸೆಯುವುದೂ ಇದನ್ನು ನೋಡಿ. ಡಿಸ್ಕ್ ಪ್ರತಿ ಸೆಕ್ಟರಿನ ಮಾಹಿತಿಯ ಜೊತೆಗೆ ಅದು ಸರಿಯಾಗಿದೆಯೇ ಎಂದು ತಾಳೆ ನೋಡುವ ಸಂಕೇತವನ್ನೂ ಬರೆಯುತ್ತದೆ. ಬರೆಯುವ ನಡುವೆ ವಿದ್ಯುತ್ ಕುಸಿದರೆ ಹೊಸ ಮಾಹಿತಿಯ ಅರ್ಧ, ಹಳೆಯದರ ಅರ್ಧ ಉಳಿದು ತಾಳೆ ತಪ್ಪಬಹುದು. ಆಗ ತಟ್ಟೆಯ ಆ ಜಾಗಕ್ಕೆ ಏನೂ ಆಗಿರದಿದ್ದರೂ ಡಿಸ್ಕ್ ಅದನ್ನು ಓದಲಾರದ ಸೆಕ್ಟರ್ ಎಂದು ಪಟ್ಟಿಗೆ ಸೇರಿಸುತ್ತದೆ. ಅದರ ಮೇಲೆ ಮುಂದೆ ಹೊಸದಾಗಿ ಬರೆದಾಗ ಎಲ್ಲವೂ ಸರಿಹೋಗಿ ಎಣಿಕೆ ಸೊನ್ನೆಗೆ ಇಳಿಯುತ್ತದೆ, 5ನೆಯ ಸಾಲು ಏರುವುದಿಲ್ಲ. ಹಾಗಾದರೆ ಡಿಸ್ಕ್ ಗಟ್ಟಿಯಾಗಿದೆ. ಕರೆಂಟ್ ತೊಂದರೆಯೇ ಇಲ್ಲದಿದ್ದರೂ ವಾರದಿಂದ ವಾರಕ್ಕೆ 5 ಅಥವಾ 197 ಏರುತ್ತಲೇ ಇದ್ದರೆ ತಟ್ಟೆಯೇ ಹಾಳಾಗುತ್ತಿದೆ; ನಕಲು ತೆಗೆದುಕೊಂಡು ಡಿಸ್ಕ್ ಬದಲಿಸಿ. ಆದ್ದರಿಂದ ಒಂದು ದಿನದ ಅಂಕಿ ನೋಡಿ ನಿರ್ಧರಿಸದೆ ತಾರೀಖಿನೊಂದಿಗೆ ಬರೆದಿಟ್ಟು ಹೋಲಿಸಬೇಕು.

ಡಿವಿಆರ್, ಪೋರ್ಟಬಲ್ ಡಿಸ್ಕ್ ಮತ್ತು ನ್ಯಾಸ್

ಸಿಸಿಟಿವಿಯ ಡಿವಿಆರ್ ಹಗಲು ರಾತ್ರಿ ಬಿಡುವಿಲ್ಲದೆ ಬರೆಯುತ್ತಿರುವುದರಿಂದ, ಕರೆಂಟ್ ಯಾವಾಗ ಹೋದರೂ ಬರೆಯುವ ನಡುವೆಯೇ ಹೋಗುತ್ತದೆ. ಕೊನೆಯ ಕೆಲವು ನಿಮಿಷಗಳ ದೃಶ್ಯ ತಟ್ಟೆಯಲ್ಲಿದ್ದರೂ ಅದರ ಸೂಚಿ ಮುಗಿದಿರದೆ, ಹುಡುಕಿದರೆ ಸಿಗದಂತಾಗಬಹುದು. ಕಳ್ಳರು ಮೊದಲು ಫ್ಯೂಸ್ ಕಿತ್ತು ಒಳಗೆ ಬರುವಲ್ಲಿ ನಮಗೆ ಬೇಕಾಗುವುದು ನಿಖರವಾಗಿ ಆ ನಿಮಿಷಗಳೇ. ಆದ್ದರಿಂದ ಡಿವಿಆರ್‌ಗೂ ಕ್ಯಾಮೆರಾಗಳಿಗೂ ಒಂದೇ ಯುಪಿಎಸ್ ಇಡಿ, ಅವು ಎಳೆಯುವ ವಿದ್ಯುತ್ ಕಡಿಮೆಯಾದ್ದರಿಂದ ಸಣ್ಣದೇ ಬಹಳ ಹೊತ್ತು ಬರುತ್ತದೆ. ಡಿಸ್ಕ್ ಬದಲಿಸುವಾಗ ಮೆನುವಿನಲ್ಲಿರುವ ಶಟ್‌ಡೌನ್ ಆಯ್ಕೆಯನ್ನೇ ಬಳಸಿ. ವಾರಕ್ಕೊಮ್ಮೆ ಹಿಂದಿನ ದಿನದ ದೃಶ್ಯವನ್ನು ತೆರೆದು ನೋಡಿ. ಪರದೆಯಲ್ಲಿ ನೇರ ದೃಶ್ಯ ಚೆನ್ನಾಗಿ ಬರುತ್ತಿದ್ದು ಡಿಸ್ಕ್ ತಿಂಗಳ ಹಿಂದೆಯೇ ಸತ್ತಿರುವುದು ಅಪರೂಪವಲ್ಲ.

ಪೋರ್ಟಬಲ್ ಡಿಸ್ಕನ್ನು ಎಳೆದು ತೆಗೆಯುವುದೂ ಕರೆಂಟ್ ಹೋದಂತೆಯೇ. 2018ರ ಅಕ್ಟೋಬರ್ ಆವೃತ್ತಿಯಿಂದ ವಿಂಡೋಸ್ 10 ಇಂಥ ಡಿಸ್ಕ್‌ಗಳಿಗೆ ರ‍್ಯಾಮ್‌ನಲ್ಲಿ ಕಾಯಿಸುವುದನ್ನು ಬಿಟ್ಟು ತ್ವರಿತವಾಗಿ ತೆಗೆಯಬಹುದಾದ ಏರ್ಪಾಡನ್ನೇ ಪೂರ್ವನಿಗದಿಯಾಗಿಸಿದೆ. ಆದರೂ ಸುರಕ್ಷಿತವಾಗಿ ತೆಗೆಯುವ ಆಜ್ಞೆ ಕೊಟ್ಟು, ಕಂಪನ ನಿಲ್ಲುವವರೆಗೆ ಕಾಯುವುದನ್ನು ಬಿಡಬೇಡಿ. ಬರೆಯುವುದು ಮುಗಿದಿದ್ದರೂ ಹೆಡ್ ಇನ್ನೂ ತಟ್ಟೆಯ ಮೇಲಿರಬಹುದು. ವಿಂಡೋಸ್ ಯಂತ್ರಗಳಲ್ಲಷ್ಟೇ ಬಳಸುವ ಡಿಸ್ಕ್ ಎಕ್ಸ್‌ಫ್ಯಾಟ್‌ನಲ್ಲಿದ್ದರೆ, ಒಳಗಿರುವುದನ್ನು ಬೇರೆಡೆ ಇಟ್ಟು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡುವುದು ಒಳ್ಳೆಯದು.

ನ್ಯಾಸ್ ಪೆಟ್ಟಿಗೆಯಲ್ಲಿ ಹಲವು ಡಿಸ್ಕ್‌ಗಳು ಮಾಹಿತಿಯನ್ನೂ ಅದರ ತಾಳೆ ಲೆಕ್ಕವನ್ನೂ ಎಲ್ಲ ಡಿಸ್ಕುಗಳಿಗೆ ಹಂಚಿಡುವ ರೇಡ್ 5ರಂಥ ಏರ್ಪಾಡಿನಲ್ಲಿದ್ದರೆ, ಒಂದು ಡಿಸ್ಕಿಗೆ ಬರೆದಾಗಿ ಇನ್ನೊಂದಕ್ಕೆ ಬರೆಯುವ ಮುನ್ನ ಕರೆಂಟ್ ಹೋದರೆ ಅವುಗಳ ಲೆಕ್ಕ ಹೊಂದದಂತಾಗುತ್ತದೆ, ಅದು ಎಷ್ಟೋ ಸಲ ಮುಂದೆ ಒಂದು ಡಿಸ್ಕ್ ಕೆಟ್ಟ ದಿನವೇ ಗೊತ್ತಾಗುವುದು. ಯುಎಸ್‌ಬಿ ತಂತಿಯಿರುವ ಯುಪಿಎಸ್ ಇಲ್ಲದೆ ನ್ಯಾಸ್ ನಡೆಸಬಾರದು.

ಕೊನೆಯ ಹಂತ: ನಕಲು, ಮತ್ತು ಯುಪಿಎಸ್‌ನ ಪರೀಕ್ಷೆ

ಇಷ್ಟೆಲ್ಲ ಮಾಡಿದರೂ ಡಿಸ್ಕ್ ಒಂದು ದಿನ ಕೆಡುತ್ತದೆ. ದಿನದ ಕೊನೆಗೆ ಅಂದಿನ ಕೆಲಸದ ನಕಲನ್ನು ಇನ್ನೊಂದು ಡಿಸ್ಕಿಗೆ ಹಾಕಿ, ಆ ಡಿಸ್ಕನ್ನು ಬಿಡಿಸಿ ಬೀರುವಿನಲ್ಲಿಡಿ. ಯಂತ್ರಕ್ಕೆ ಅಂಟಿಕೊಂಡೇ ಇರುವ ಡಿಸ್ಕಿಗೆ ಅದೇ ಸಿಡಿಲು, ಅದೇ ವೋಲ್ಟೇಜ್ ತಟ್ಟುತ್ತದೆ. ದೊಡ್ಡ ಕೆಲಸಗಳಲ್ಲಿ ಪ್ರತಿದಿನವೂ ಹೊಸ ಹೆಸರಿನಲ್ಲಿ ಸೇವ್ ಮಾಡಿ. ಒಂದೇ ಫೈಲಿನ ಮೇಲೆ ಮತ್ತೆಮತ್ತೆ ಸೇವ್ ಮಾಡಿದಾಗ ಹಳೆಯದು ಅಳಿದು ಹೊಸದು ಬರುವ ನಡುವಿನ ಗಳಿಗೆಯಲ್ಲಿ ಎರಡೂ ಇಲ್ಲವಾಗಬಹುದು. ಆ ಸ್ಮರಣ ಸಂಚಿಕೆಯಲ್ಲಿ ಆದದ್ದು ಇದೇ. ಹಿಂದಿನ ದಿನದ ಒಂದು ಪ್ರತಿ ಬೇರೆ ಹೆಸರಿನಲ್ಲಿದ್ದಿದ್ದರೆ ಹೋಗುತ್ತಿದ್ದುದು ಒಂದು ದಿನದ ಕೆಲಸ ಮಾತ್ರ. ನಾವು ಕರಡು ಅಚ್ಚಿನ ಹಾಳೆಗಳನ್ನು ಮುಂದಿಟ್ಟುಕೊಂಡು ಅಷ್ಟನ್ನೂ ಮತ್ತೆ ಟೈಪ್ ಮಾಡಿದೆವು.

ತಿಂಗಳ ಮೊದಲ ದಿನ, ಎಲ್ಲ ಫೈಲುಗಳನ್ನೂ ಮುಚ್ಚಿದ ಮೇಲೆ, ಯುಪಿಎಸ್ ಜೋಡಿಸಿರುವ ಗೋಡೆಯ ಸ್ವಿಚ್ಚನ್ನು ಆರಿಸಿ ಗಡಿಯಾರ ನೋಡಿ: ಎಷ್ಟು ನಿಮಿಷಕ್ಕೆ ಯಂತ್ರ ತಾನೇ ಶಟ್‌ಡೌನ್ ಆರಂಭಿಸಿತು, ಅದು ಮುಗಿಯುವವರೆಗೆ ಬ್ಯಾಟರಿ ನಿಂತಿತೇ ಎಂದು ಬರೆದುಕೊಳ್ಳಿ. ಆ ಅವಧಿ ಐದು ನಿಮಿಷಕ್ಕಿಂತ ಕೆಳಗಿಳಿದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ; ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಬರುತ್ತದೆ. ಹೊಸ ಬ್ಯಾಟರಿ ಹಾಕಿದ ದಿನವೇ ಒಂದು ಚೀಟಿಯಲ್ಲಿ ತಿಂಗಳು ಮತ್ತು ವರ್ಷವನ್ನು ಬರೆದು, ಯುಪಿಎಸ್‌ನ ಹಿಂಭಾಗದಲ್ಲಲ್ಲ, ದಿನವೂ ಕಣ್ಣಿಗೆ ಬೀಳುವಂತೆ ಮುಂಭಾಗದಲ್ಲಿ ಅಂಟಿಸಿ.